ಗದಗ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ: ಚರ್ಚಿನಲ್ಲಿ ಬರೆದುಕೊಟ್ಟ ಬಿಪಿ ಚೀಟಿಗೂ ಬೆಲೆ ಕೊಡಿ

ಮಾನ್ಯರೇ, ನಮಸ್ಕಾರ.

ನಾನು ಬೆಟಗೇರಿಯವಳು, ನಿವೃತ್ತ ನರ್ಸ್. ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಚರ್ಚಿನ ಹಾಲ್‌ನಲ್ಲಿ ನಾವು ಕೆಲವು ನರ್ಸ್‌ಗಳು ಬಿಪಿ ನೋಡುತ್ತೇವೆ. ಸಭೆಯವರಷ್ಟೇ ಅಲ್ಲ, ಓಣಿಯವರೂ ಬರುತ್ತಾರೆ. ಅವರಲ್ಲಿ ನೇಕಾರರೇ ಜಾಸ್ತಿ. ದವಾಖಾನೆಗೆ ಹೋದರೆ ಅವರ ಒಂದು ದಿನದ ದುಡಿಮೆ ಹೋಗುತ್ತದೆ.

ಇದು ನಮ್ಮೂರಿಗೆ ಹೊಸದಲ್ಲ. ಬಾಸೆಲ್ ಮಿಶನ್ ಎಂಬ ಯುರೋಪಿನ ಕ್ರೈಸ್ತ ಸಂಸ್ಥೆಯವರು ಬೆಟಗೇರಿಗೆ ಬಂದದ್ದು 1841ರಲ್ಲಿ. ಅವರ ಜರ್ಮನ್ ಆಸ್ಪತ್ರೆ ಅಂದರೆ ಇವತ್ತಿಗೂ ಸುತ್ತಲಿನ ಹಳ್ಳಿಯವರಿಗೆ ಗೊತ್ತು. ಅಮೆರಿಕದಲ್ಲಿ ಗ್ರೇಂಜರ್ ವೆಸ್ಟ್‌ಬರ್ಗ್ ಎಂಬ ಲೂಥರನ್ ಪಾದ್ರಿ 1980ರ ದಶಕದಲ್ಲಿ ಷಿಕಾಗೋ ಕಡೆಯ ಚರ್ಚುಗಳಲ್ಲಿ ಇಂಥ ನರ್ಸ್ ಸೇವೆ ಶುರು ಮಾಡಿದರು. ಔಷಧ ಕೊಡುವುದು ಆ ನರ್ಸ್‌ಗಳ ಕೆಲಸವಲ್ಲ. ನೋಡುವುದು, ತಿಳಿಸಿ ಹೇಳುವುದು, ಸರಿಯಾದ ಕಡೆ ಕಳಿಸುವುದು. ನಾವು ಮಾಡುವುದೂ ಅಷ್ಟೇ.

ಬಂದವರನ್ನು ಮೊದಲು ಐದು ನಿಮಿಷ ಕೂರಿಸುತ್ತೇವೆ. "ಸುಮ್ನೆ ಯಾಕ ಕುಂದ್ರಸ್ತೀರಿ ಸಿಸ್ಟರ್?" ಅಂತ ಗೊಣಗುತ್ತಾರೆ. ಬಾಯಲ್ಲಿ ತಂಬಾಕು ಇದ್ದರೆ ಉಗುಳಿಸಿ, ಅರ್ಧ ಗಂಟೆ ಬಿಟ್ಟು ನೋಡುತ್ತೇವೆ. ತೋಳು ಟೇಬಲ್ ಮೇಲೆ, ಎದೆಯ ಮಟ್ಟಕ್ಕೆ. ಅಂಗಿಯ ಮೇಲೆ ಪಟ್ಟಿ ಸುತ್ತುವುದಿಲ್ಲ. 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮುಂದಿನ ವಾರ ಮತ್ತೆ ಕರೆಯುತ್ತೇವೆ. ಆಗಲೂ ಜಾಸ್ತಿ ಇದ್ದರೆ ಎರಡೂ ಅಳತೆ ಚೀಟಿಯಲ್ಲಿ ಬರೆದು ಸರ್ಕಾರಿ ದವಾಖಾನೆಗೆ ಕಳಿಸುತ್ತೇವೆ. "ನನಗ ತಲಿ ಸುತ್ತಂಗಿಲ್ಲ, ಬಿಪಿ ಎಲ್ಲಿಂದ ಬಂತು?" ಅನ್ನುವವರೇ ಬಹಳ. ಏನೂ ಗೊತ್ತಾಗದೆ ಏರುವ ರೋಗ ಇದು. ಲಕ್ವಾ ಹೊಡೆದ ಮೇಲೆ ಗೊತ್ತಾದವರು ನಮ್ಮ ಓಣಿಯಲ್ಲೇ ಇದ್ದಾರೆ. ಇನ್ನು ಕೆಲವರು "ಪ್ರಾರ್ಥನೆ ಮಾಡ್ತೀನಲ್ಲ, ಗುಳಿಗೆ ಯಾಕ?" ಅನ್ನುತ್ತಾರೆ. ಎರಡೂ ಮಾಡ್ರಿ ಅನ್ನುತ್ತೇವೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಮಿರ್ಚಿ ಭಜಿ ಬಿಡಿ ಅಂದರೆ ಗದಗಿನವರು ನಮ್ಮನ್ನೇ ಬಿಟ್ಟಾರು! ಅದಕ್ಕೇ ಉಪ್ಪಿನಕಾಯಿ, ಹಪ್ಪಳದಿಂದ ಶುರು ಮಾಡುತ್ತೇವೆ.

ತೊಂದರೆ ಆಗುವುದು ಚೀಟಿ ಬರೆದುಕೊಟ್ಟ ಮೇಲೆ. ಅದನ್ನು ಹಿಡಿದು ದವಾಖಾನೆಗೆ ಹೋದವರಿಗೆ "ಇದು ನಡೆಯಲ್ಲ, ಇನ್ನೊಂದು ದಿನ ಬನ್ನಿ" ಅಂದದ್ದಿದೆ. ಎರಡನೇ ಸಲ ಅವರು ಹೋಗುವುದಿಲ್ಲ. ಗುಳಿಗೆ ಸಿಕ್ಕವರೂ ಅದು ಮುಗಿದ ದಿನ ನಿಲ್ಲಿಸಿಬಿಡುತ್ತಾರೆ. ಹಾಗಿದ್ದ ಮೇಲೆ ನಾವು ನೋಡಿ ಏನು ಬಂತು?

ಗೃಹ ಆರೋಗ್ಯ ಯೋಜನೆಯಲ್ಲಿ ಸರ್ಕಾರವೇ ಮನೆ ಬಾಗಿಲಿಗೆ ಬಂದು ಬಿಪಿ ನೋಡುತ್ತಿದೆ, ಒಳ್ಳೆಯದೇ. ಹಾಗೆಯೇ ಬೇರೆ ಬೇರೆ ದಿನ ನಾವು ಬರೆದ ಎರಡು ಅಳತೆ ತಂದವರನ್ನು ಡಾಕ್ಟರು ಅವತ್ತೇ ನೋಡುವಂತೆ ಒಂದು ಆದೇಶ ಮಾಡಿ. ಗುಳಿಗೆಯನ್ನು ಕನಿಷ್ಠ ಒಂದು ತಿಂಗಳಿಗೆ ಆಗುವಷ್ಟು ಒಮ್ಮೆಲೇ ಕೊಡಿಸಿ. ವಾರಕ್ಕೆ ಒಂದು ಸಂಜೆಯಾದರೂ ನೇಕಾರರಿಗೆ ದವಾಖಾನೆಯ ಬಾಗಿಲು ತೆರೆದಿರಲಿ. ನಿಮ್ಮ ಬಿಪಿ ಮಿಷಿನ್‌ಗಳನ್ನು ತಪಾಸಣೆಗೆ ಕಳಿಸುವಾಗ ನಮ್ಮವನ್ನೂ ಜೊತೆಗೆ ಕಳಿಸಿ. ಖರ್ಚು ಸಭೆ ಕೊಡುತ್ತದೆ. ಇದು ಚರ್ಚಿಗೆ ಮಾತ್ರ ಅಂತಲ್ಲ. ಮಠದಲ್ಲಿ, ಮಸೀದಿಯಲ್ಲಿ ನರ್ಸ್‌ಗಳು ಕೂತರೆ ಅವರಿಗೂ ಇದೇ ಅನ್ವಯಿಸಲಿ.

ಬಿಪಿ ನೋಡಲು ನಾವು ಯಾರ ಜಾತಿ, ಧರ್ಮವನ್ನೂ ಕೇಳುವುದಿಲ್ಲ. ಯಾರದು ಎಷ್ಟು ಅಂತ ನಮ್ಮ ಪಾದ್ರಿಗಳಿಗೂ ಹೇಳುವುದಿಲ್ಲ. ರಿಜಿಸ್ಟರ್ ಮಾತ್ರ ನಿಮ್ಮ ಡಾಕ್ಟರಿಗೆ ತೋರಿಸಲು ತಯಾರಿದ್ದೇವೆ. ಯಾವ ಭಾನುವಾರವಾದರೂ ಒಬ್ಬರನ್ನು ಕಳಿಸಿ. ಆರಾಧನೆ ಮುಗಿಯುವುದು ಹತ್ತೂವರೆಗೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ನರ್ಸ್, ಬೆಟಗೇರಿ