ಲೋಕ ಮುಳುಗಿದ ಮೇಲೆ ಶುರುವಾಗುವ ಕಾರ್ಟೂನು

ಗೆಳೆಯಾ,

ನಿನ್ನ ಪತ್ರ ಓದಿ ನಗು ಬಂತು. ಕಾರ್ಟೂನಿನಲ್ಲಿ ಪ್ರಳಯಾಸ್ತ್ರ ಬಂದರೂ ಲೋಕ ಎಂದೂ ಮುಳುಗುವುದಿಲ್ಲ ಅಂತ ಇಷ್ಟೊಂದು ಸಿಟ್ಟಾ? ನಿಜ ಬಿಡು. ಖಳ ಗುಂಡಿ ಒತ್ತುತ್ತಾನೆ, ಗಡಿಯಾರ ಹಿಂದಕ್ಕೆ ಓಡುತ್ತದೆ, ಕೊನೇ ಸೆಕೆಂಡಿಗೆ ಹೀರೋ ವೈರು ಕೀಳುತ್ತಾನೆ. ಮುಂದಿನ ವಾರ ಇನ್ನೊಂದು ಕಂತು ಬರಬೇಕಲ್ಲ, ಲೋಕ ಎಲ್ಲಿಗೆ ಹೋಗುತ್ತೆ!

ಆದರೆ 'ಫ್ಯೂಚರ್ ಬಾಯ್ ಕೊನಾನ್' ನೋಡು ಮಾರಾಯ. 1978ರಲ್ಲಿ ಜಪಾನಿನ ಎನ್‌ಎಚ್‌ಕೆ ಟಿವಿಯಲ್ಲಿ ಬಂದ ಕಾರ್ಟೂನು ಸರಣಿ, ಅಲ್ಲಿನ ಹೆಸರಾಂತ ಕಾರ್ಟೂನು ನಿರ್ದೇಶಕ ಹಯಾವೊ ಮಿಯಾಜಾಕಿಯದು, 26 ಕಂತು. ಇದರಲ್ಲಿ ಲೋಕ ಮೊದಲೇ ಹಾಳಾಗಿದೆ. 2008ರ ಜುಲೈನಲ್ಲಿ ಯುದ್ಧ. ಅಣುಬಾಂಬನ್ನೂ ಮೀರಿಸುವ ಕಾಂತಶಕ್ತಿಯ ಆಯುಧಕ್ಕೆ ಅರ್ಧ ಜಗತ್ತು ಒಂದೇ ಕ್ಷಣದಲ್ಲಿ ಇಲ್ಲವಾಗುತ್ತದೆ. ಭೂಮಿಯ ಅಕ್ಷವೇ ತಿರುಚಿಕೊಂಡು ಖಂಡಗಳು ಸಮುದ್ರದ ಪಾಲಾಗುತ್ತವೆ. ಆಕಾಶಕ್ಕೆ ತಪ್ಪಿಸಿಕೊಳ್ಳಲು ಹೊರಟು ವಾಪಸ್ ಬಿದ್ದ ರಾಕೆಟ್ಟೊಂದು ದ್ವೀಪದಲ್ಲಿ ನೆಟ್ಟಗೆ ನಿಂತಿದೆ. ಕೊನಾನ್ ಮತ್ತು ಅಜ್ಜನ ಮನೆ ಅದೇ. ಹುಡುಗ ಮೀನು ಹಿಡಿಯುತ್ತಾನೆ, ಶಾರ್ಕ್ ಜೊತೆ ಗುದ್ದಾಡುತ್ತಾನೆ, ಹಾರುವ ವಿಮಾನಕ್ಕೆ ಕಾಲ್ಬೆರಳಲ್ಲೇ ಕಚ್ಚಿಕೊಂಡು ನೇತಾಡುತ್ತಾನೆ. ಪ್ರಳಯದ ನಂತರದ ಕತೆಯಲ್ಲಿ ಇಷ್ಟು ಖುಷಿ ಇರಬಹುದು ಅಂತ ನನಗೆ ಅನಿಸಿರಲೇ ಇಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಇಂಡಸ್ಟ್ರಿಯಾ ಅನ್ನೋ ಊರು. ಹಳೇ ನಾಗರಿಕತೆಯ ಕೊನೇ ಗೋಪುರ ಉಳಿದಿರುವುದು ಅಲ್ಲೇ. ಶಕ್ತಿ ಮುಗಿಯುತ್ತಾ ಬಂದಿದೆ. ಗುಜರಿ ಪ್ಲಾಸ್ಟಿಕ್ಕಿನಿಂದ ಬ್ರೆಡ್ ಮಾಡಿಕೊಂಡು ತಿನ್ನುತ್ತಾರೆ. ಸೌರಶಕ್ತಿಯ ಗುಟ್ಟು ಗೊತ್ತಿರುವುದು ವಿಜ್ಞಾನಿ ಡಾಕ್ಟರ್ ಲಾವೋಗೆ. ಅದಕ್ಕೇ ಇಂಡಸ್ಟ್ರಿಯಾದವರು ಅವರ ಮೊಮ್ಮಗಳು ಲಾನಾಳನ್ನು ಹೊತ್ತೊಯ್ಯುತ್ತಾರೆ. ಕಡೆಗೆ ಆ ಶಕ್ತಿ ಮರಳಿ ಬಂದಾಗ ಅಧಿಕಾರದ ಹುಚ್ಚಿನ ಅಲ್ಲಿನ ಆಡಳಿತಗಾರ ಲೆಪ್ಕಾ ಏನು ಮಾಡುತ್ತಾನೆ ಹೇಳು? ಹಿಂದಿನ ಯುದ್ಧದ ದೈತ್ಯ ಬಾಂಬರ್ ಗಿಗಾಂಟನ್ನು ಮೇಲೆಬ್ಬಿಸುತ್ತಾನೆ. ಮುಳುಗಿದ ಭೂಮಿಯ ಮೇಲೆ ಮತ್ತದೇ ಬಾಂಬರ್! ಮೊದಲ ಕಂತಿನಲ್ಲಿ ಆ ನಾಶ ಕಂಡಿದ್ದಕ್ಕೇ ಇಲ್ಲಿ ಎದೆ ಝಲ್ಲೆನ್ನುತ್ತದೆ. 'ಏನಾಗಬಹುದು' ಅಂತ ಯಾರೂ ಭಾಷಣ ಮಾಡಬೇಕಾಗಿಲ್ಲ.

1974ರ ಜಪಾನಿನ ಕಾರ್ಟೂನು ಸರಣಿ 'ಸ್ಪೇಸ್ ಬ್ಯಾಟಲ್‌ಶಿಪ್ ಯಮಾಟೊ' ಇನ್ನೊಂದು ಬಗೆ. ಅಲ್ಲಿ ಮಹಾಸ್ತ್ರ ಅಂದರೆ ಒಂದು ದೈತ್ಯ ಫಿರಂಗಿ, ಅದು ಇರುವುದು ನಮ್ಮ ಭೂಮಿಯವರ ಬಾಹ್ಯಾಕಾಶ ಯುದ್ಧನೌಕೆಯಲ್ಲೇ. ಗುರುಗ್ರಹದ ಹತ್ತಿರ ಮೊದಲ ಸಲ ಹಾರಿಸಿದಾಗ ತೇಲುವ ಖಂಡವೇ ಪುಡಿಯಾಗುತ್ತದೆ. ಬಿಟ್ಟ ಅಸ್ತ್ರ ಹಿಂದೆಗೆಯಲು ಬಾರದ ಅಶ್ವತ್ಥಾಮ ನೆನಪಾದ. ಗೆದ್ದವರೇ ತಮ್ಮ ಫಿರಂಗಿಗೆ ಹೆದರುವುದನ್ನು ಕಾರ್ಟೂನಿನಲ್ಲಿ ಎಷ್ಟು ಸಲ ನೋಡಿದ್ದೀಯ? ಚಿತ್ರಗಳು ಹಳೇ ಕಾಲದವು, ಸ್ವಲ್ಪ ಸಹಿಸಿಕೋ.

ಕೊನಾನ್‌ನಿಂದಲೇ ಶುರು ಮಾಡು. ಮೊದಲ ಒಂದೆರಡು ನಿಮಿಷ ಸ್ಕಿಪ್ ಮಾಡಬೇಡ, ನಿನಗೆ ಆ ಚಾಳಿ ಇದೆ.

ನಿನ್ನ ಗೆಳೆಯ