ಹಳೆ ಸರ್ವರ್ ಆಫ್ ಮಾಡುವ ಮುಂಚೆ ಒಂದಿಷ್ಟು ಥ್ಯಾಂಕ್ಸ್

ನಮ್ಮ ಕೊಡಗಿನ ಗುಂಪಿನ ಎಲ್ಲ ಸೈಟುಗಳೂ ಹೊಸ ಸರ್ವರಿಗೆ (ಸೈಟುಗಳನ್ನ ಇಟ್ಟು ನಡೆಸೋ ಕಂಪ್ಯೂಟರಿಗೆ) ಬಂದವು. ಮೇಲ್ ಕೂಡ ಬಂತು. ಕೊನೆಗೆ ಉಳಿದಿದ್ದ ಸೋಮವಾರಪೇಟೆ ಕಡೆಯ ಹಾಕಿ ಕ್ಲಬ್ಬಿನ ಸೈಟೂ ನಿನ್ನೆ ರಾತ್ರಿ ಓಪನ್ ಆಯಿತು. "ಕೆಲಸ ಮುಗೀತು" ಅಂತ ಒಂದು ಸಾಲಿನ ಮೆಸೇಜ್ ಹಾಕಿ ಮಲಗಬಹುದಿತ್ತು. ಆದರೆ ಈ ಮಳೆಗಾಲದಲ್ಲಿ ಯಾರ್ಯಾರು ಏನೇನು ಮಾಡಿದರು ಅನ್ನೋದು ನಮ್ಮ ಗುಂಪಿನ ಅರ್ಧ ಜನಕ್ಕೆ ಗೊತ್ತೇ ಇಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

"ಚೆನ್ನಾಗೇ ಓಡ್ತಿತ್ತಲ್ಲ, ಸುಮ್ನೆ ಯಾಕೆ ಕೆದಕಿದ್ರಿ" ಅಂತ ಕೇಳಿದವರಿಗೆ ಮೊದಲು ಉತ್ತರ. ಹಳೆ ಸರ್ವರಿನಲ್ಲಿದ್ದದ್ದು ಸೆಂಟ್‌ಓಎಸ್ 7 ಅನ್ನೋ ಆಪರೇಟಿಂಗ್ ಸಿಸ್ಟಮ್, ಅಂದರೆ ಸರ್ವರನ್ನ ನಡೆಸೋ ಮೂಲ ಸಾಫ್ಟ್‌ವೇರ್. 2014ರಲ್ಲಿ ಬಂದದ್ದು. 2024ರ ಜೂನ್ 30ಕ್ಕೆ ಅದರ ಅವಧಿ ಮುಗಿಯಿತು. ಆಮೇಲೆ ಯಾವ ಲೋಪ ಕಂಡರೂ ಸರಿಪಡಿಸೋ ಅಪ್‌ಡೇಟ್ ಬರಲ್ಲ. ಒಬ್ಬರೇ ಬಳಸೋ ಸರ್ವರ್ ಆಗಿದ್ದರೆ ಸ್ವಲ್ಪ ದಿನ ತಳ್ಳಬಹುದಿತ್ತೇನೋ. ನಮ್ಮದು ಹಂಚಿಕೊಂಡ ಸರ್ವರ್. ಹೋಂಸ್ಟೇ, ತೋಟ, ಹಳೆ ವಿದ್ಯಾರ್ಥಿಗಳ ಸಂಘ, ಕವನ ಬರೆಯೋರು ಎಲ್ಲರೂ ಒಂದೇ ಕಡೆ ಇದ್ದೇವೆ. ಒಂದು ಸೈಟಿಗೆ ಯಾರಾದರೂ ನುಗ್ಗಿದರೆ ಉಳಿದವರಿಗೂ ನಿದ್ದೆ ಇರಲ್ಲ.

ಈ ಗಡುವು ಅದೂ ಜೂನಿನಲ್ಲಿ ಬರಬೇಕಾ! ಕೊಡಗಿನಲ್ಲಿ ಕೂತು ಸರ್ವರ್ ಕೆಲಸ ಮಾಡೋಕೆ ಇದಕ್ಕಿಂತ ಕೆಟ್ಟ ತಿಂಗಳು ಜುಲೈ ಒಂದೇ. ಸರ್ವರ್ ಇರೋದು ಬೆಂಗಳೂರಿನ ಡೇಟಾ ಸೆಂಟರಿನಲ್ಲಿ, ಅದಕ್ಕೆ ಮಳೆ ಗಾಳಿ ಯಾವುದೂ ಗೊತ್ತಾಗಲ್ಲ. ಇಲ್ಲಿ ಒಂದು ಸಿಲ್ವರ್ ಓಕ್ ಮರ ಕರೆಂಟ್ ಲೈನ್ ಮೇಲೆ ಬಿದ್ದರೆ ಸಾಕು, ಕರೆಂಟ್ ಹೋಯಿತು, ಸ್ವಲ್ಪ ಹೊತ್ತಿಗೆ ಮೊಬೈಲ್ ಸಿಗ್ನಲ್ಲೂ ಹೋಯಿತು. ಕಾಪಿ ಮಾಡೋ ಕೆಲಸವನ್ನೆಲ್ಲ ಟಿಮಕ್ಸ್ (ನಾವು ಹೊರಗೆ ಬಂದರೂ ಸರ್ವರಿನಲ್ಲಿ ಕೆಲಸ ನಿಲ್ಲದಂತೆ ನೋಡಿಕೊಳ್ಳೋ ಪ್ರೋಗ್ರಾಂ) ಒಳಗೆ ಶುರು ಮಾಡಿದ್ದೆವು, ಹಾಗಾಗಿ ನಮ್ಮ ಲಿಂಕ್ ಕಟ್ಟಾದರೂ ಅಲ್ಲಿ ಫೈಲ್ ಕಾಪಿ ಮಾಡೋ ಆರ್‌ಸಿಂಕ್ ತನ್ನ ಪಾಡಿಗೆ ಓಡುತ್ತಿತ್ತು, ಕರೆಂಟ್ ಬಂದ ಮೇಲೆ ಒಳಗೆ ಹೋಗಿ ಎಲ್ಲಿಗೆ ಬಂತು ಅಂತ ನೋಡಿದರಾಯಿತು. ಆ ಗಾಳಿಯಲ್ಲಿ ಕಂಬ ಹತ್ತಿದ ಲೈನ್‌ಮನ್‌ಗಳಿಗೆ ಸೆಂಟ್‌ಓಎಸ್ ಅಂದರೆ ಏನು ಅಂತ ಗೊತ್ತಿರಲಿಕ್ಕಿಲ್ಲ, ಮೊದಲ ಥ್ಯಾಂಕ್ಸ್ ಅವರಿಗೇ. ತಮ್ಮ ಜನರೇಟರಿನಿಂದ ನಮ್ಮ ಮನೆಗೆ ಒಂದು ವೈರ್ ಎಳೆದುಕೊಟ್ಟ ಪಕ್ಕದ ತೋಟದ ಅಂಕಲ್‌ಗೆ ಎರಡನೆಯದು. ಡೀಸೆಲ್ ದುಡ್ಡು ಕೊಡೋಕೆ ಹೋದರೆ ಬೈದು ಕಳಿಸಿದರು.

ಜುಲೈಯಲ್ಲಿ ಇನ್ನೊಂದು ತಲೆನೋವು ಬಂತು. ಹಳೆ ಸರ್ವರಿನ ಎರಡು ಡಿಸ್ಕಿನಲ್ಲಿ ಒಂದು ಸಾಯೋಕೆ ಶುರುವಾಯಿತು. ಎರಡರಲ್ಲೂ ಒಂದೇ ಡೇಟಾ ಇರುತ್ತದೆ, ಹಾಗಾಗಿ ಒಂದು ಹೋದರೂ ಸೈಟ್ ನಡೆಯುತ್ತದೆ. ಆದರೆ ಬದಲಿಸುವಾಗ ಕೆಟ್ಟದ್ದರ ಬದಲು ಒಳ್ಳೆಯದನ್ನ ಎಳೆದರೆ ಕಥೆ ಮುಗೀತು, ಅಲ್ವಾ? ಬೆಂಗಳೂರಿನಲ್ಲಿರುವ ನಮ್ಮ ವಿರಾಜಪೇಟೆ ಹುಡುಗ ಆಫೀಸ್ ಮುಗಿಸಿ ರಾತ್ರಿ ಡೇಟಾ ಸೆಂಟರಿಗೆ ಹೋದ. ನಾನು ಇಲ್ಲಿಂದ ಕೆಟ್ಟ ಡಿಸ್ಕಿನ ಸೀರಿಯಲ್ ನಂಬರ್ ಓದಿದೆ, ಅವನು ಲೇಬಲ್ ನೋಡಿ ವಾಪಸ್ ಓದಿದ. ಬಿ ಫಾರ್ ಬಾಂಬೆ, ಡಿ ಫಾರ್ ಡೆಲ್ಲಿ ಅಂತ. ಲೈನ್ ಕಟ್ಟಾದಾಗಲೆಲ್ಲ ಮತ್ತೆ ಮೊದಲಿಂದ. ಫ್ಯಾನ್ ಸದ್ದಿನಲ್ಲಿ ಕಿರುಚಿ ಕಿರುಚಿ ಅವನ ಗಂಟಲು ಹೋಯಿತು. ತಮ್ಮಾ, ಊರಿಗೆ ಬಾ, ಕಡಂಬುಟ್ಟು ಪಂದಿಕರಿ ಊಟ ನಮ್ಮ ಲೆಕ್ಕ.

ಗೋಣಿಕೊಪ್ಪದ ಬಿಸಿಎ ಹುಡುಗಿಯ ಬಗ್ಗೆ ಹೇಳಲೇಬೇಕು. ಹೊಸ ಸರ್ವರಿನಲ್ಲಿ ಇರೋದು ಸೆಂಟ್‌ಓಎಸ್ ಬದಲಿಗೆ ಆಲ್ಮಾಲಿನಕ್ಸ್ 9, ಜೊತೆಗೆ ಸೈಟುಗಳನ್ನ ಬರೆಯೋ ಭಾಷೆ ಪಿಎಚ್‌ಪಿ, ಅದರ 8ನೇ ಆವೃತ್ತಿ. ಹಳೆಯದರಲ್ಲಿ ಕೆಲವು ಸೈಟುಗಳು ಪಿಎಚ್‌ಪಿ 5.4ರಲ್ಲೇ ಕೂತಿದ್ದವು. ಅವು ಸೈಟಿನ ಮಾಹಿತಿಯೆಲ್ಲ ಇರೋ ಡೇಟಾಬೇಸಿಗೆ ಹೋಗೋಕೆ ಬಳಸುತ್ತಿದ್ದ ಹಳೆ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನ 2015ರಲ್ಲಿ ಪಿಎಚ್‌ಪಿ 7 ಬಂದಾಗಲೇ ತೆಗೆದುಹಾಕಿದ್ದರು. ಹೊಸ ಸರ್ವರಿಗೆ ತಂದರೆ ಖಾಲಿ ಬಿಳಿ ಪುಟ. ಬರೆದವರೆಲ್ಲ ಊರು ಬಿಟ್ಟು ಎಷ್ಟೋ ಕಾಲವಾಗಿದೆ. ಇವಳು ಪರೀಕ್ಷೆ ನಡುವೆ ಒಂದೊಂದೇ ಫೈಲ್ ತೆಗೆದು ತಿದ್ದಿದಳು, ತಿದ್ದಿದ್ದನ್ನ ಬರೆದೂ ಇಟ್ಟಳು. ಆ ಬರೆದಿಟ್ಟದ್ದೇ ಹೆಚ್ಚು ಬೆಲೆಯದ್ದು, ಮುಂದಿನ ಸಲ ಈ ಕೆಲಸ ಯಾರು ಮಾಡಿದರೂ ಕತ್ತಲಲ್ಲಿ ತಡಕಬೇಕಾಗಿಲ್ಲ.

ಈಗ ದೂರು ಹೇಳಿದವರಿಗೆ. ನಿಜವಾಗಿ ಜಾಸ್ತಿ ಥ್ಯಾಂಕ್ಸ್ ಸಲ್ಲಬೇಕಾದ್ದು ಇವರಿಗೆ. "ಸೈಟ್ ಬರ್ತಿಲ್ಲ ನೋಡಿ" ಅನ್ನೋ ಮೆಸೇಜಿಂದ ನಮಗೆ ಏನೂ ತಿಳಿಯಲ್ಲ. ಭಾಗಮಂಡಲ ಕಡೆಯ ನಿವೃತ್ತ ಮೇಷ್ಟ್ರು ಒಬ್ಬರು ದಿನಾ ಮಳೆ ಅಳೆದು, ಇಂಚು ಸೆಂಟಿನ (ಸೆಂಟ್ ಅಂದರೆ ಇಂಚಿನ ನೂರರಲ್ಲೊಂದು) ಲೆಕ್ಕ ಸೈಟಿನಲ್ಲಿ ಹಾಕುತ್ತಾರೆ. ಅವರು ಕಳಿಸಿದ್ದು ಹೀಗಿತ್ತು: "ಜೂನ್ ಅನ್ನುವ ಜಾಗದಲ್ಲಿ ತಲೆ ಮೇಲೆ ಗೀಟು ಇರುವ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟ್ಟ 2, ಮತ್ತೆ ಅದೇ ಎ, ಪುಟ್ಟ 3. ಅಂಕಿಗಳು ಸರಿ ಇವೆ. ಹಳೆ ಪುಟಗಳೂ ಹೀಗೇ. ಮೊಬೈಲು, ಕಂಪ್ಯೂಟರ್ ಎರಡರಲ್ಲೂ ನೋಡಿದೆ."

ಇಷ್ಟು ಸಾಕಾಯಿತು. ಕಂಪ್ಯೂಟರ್ ಅಕ್ಷರಗಳನ್ನ ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಅದರ ಒಂದು ಪದ್ಧತಿ ಯುಟಿಎಫ್-8, ಅದರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್, ಅಂದರೆ ಮೂರು ಸಂಖ್ಯೆ. ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದು ಎರಡೇ ಬಗೆ. ಅದನ್ನ ಲ್ಯಾಟಿನ್-1 (ಇಂಗ್ಲಿಷಿನಂಥ ಲಿಪಿಗಳ ಹಳೆ ಪದ್ಧತಿ) ಅಂತ ಓದಿದರೆ ಸರಿಯಾಗಿ ಅದೇ ಎ, ಅದೇ 2, ಅದೇ 3 ಕಾಣುತ್ತದೆ. ಅಂದರೆ ಡೇಟಾ ಹಾಳಾಗಿಲ್ಲ. ಹಳೆ ಡೇಟಾಬೇಸಿನ ಟೇಬಲ್ಲುಗಳು ಲ್ಯಾಟಿನ್-1 ಅನ್ನೋ ಹೆಸರಲ್ಲಿ ಕನ್ನಡ ಇಟ್ಟುಕೊಂಡಿದ್ದವು, ಹೊಸದು ಆ ಹೆಸರನ್ನ ನಂಬಿ ಇನ್ನೊಂದು ಸಲ ಬದಲಾಯಿಸಿತ್ತು. ಲ್ಯಾಟಿನ್-1 ಅಂತಲೇ ಹೊರಗೆ ತೆಗೆದು, ಯುಟಿಎಫ್-8 ಅಂತ ಹೆಸರು ತಿದ್ದಿ ಒಳಗೆ ಹಾಕಿದೆವು, ಕನ್ನಡ ವಾಪಸ್ ಬಂತು. ಮೇಷ್ಟ್ರು ಅಷ್ಟು ಬಿಡಿಸಿ ಬರೆಯದೇ ಇದ್ದಿದ್ದರೆ ಫಾಂಟ್ ತೊಂದರೆ ಅಂತ ಫಾಂಟಿನ ಹಿಂದೆ ಬಿದ್ದಿರುತ್ತಿದ್ದೆವು. ಇದೇ ರೋಗ ಇದ್ದ ಬೇರೆ ಸೈಟುಗಳೂ ಅವರಿಂದಲೇ ಸಿಕ್ಕವು.

ಡೊಮೇನ್ (ಸೈಟಿನ ಹೆಸರು) ಪಾಸ್‌ವರ್ಡ್ ಹುಡುಕಿ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಆ ಹೆಸರು ಯಾವ ಸರ್ವರಿಗೆ ಹೋಗಬೇಕು ಅಂತ ಹೇಳೋ ಡಿಎನ್‌ಎಸ್ ನಿಮ್ಮ ಕೈಯಲ್ಲಿದ್ದರೆ ನಾವು ಎಷ್ಟೇ ಕುಣಿದರೂ ಸೈಟ್ ಈ ಕಡೆ ತಿರುಗಲ್ಲ. ಸೈಟ್ ಮಾಡಿಕೊಟ್ಟ ಹುಡುಗ ದುಬೈಗೆ ಹೋಗಿ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದೆ ಒದ್ದಾಡಿದ ನಾಪೋಕ್ಲು ಅಕ್ಕನಿಗೆ ಕೊನೆಗೆ ಅದು ಸಿಕ್ಕಿದ್ದು ತೋಟದ ಹಳೆ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿ ಬರೆಯೋ) ಪುಸ್ತಕದ ಕೊನೆ ಪುಟದಲ್ಲಿ, ಆಳುಗಳ ಮುಂಗಡದ ಲೆಕ್ಕದ ಕೆಳಗೆ. ಅಕ್ಕಾ, ದಯವಿಟ್ಟು ಅದನ್ನ ಈಗ ಬದಲಾಯಿಸಿ.

ನಮ್ಮ ಮೇಲ್ ಸ್ಪ್ಯಾಮಿಗೆ ಹೋದಾಗ ಹುಡುಕಿ "ಸ್ಪ್ಯಾಮ್ ಅಲ್ಲ" ಅಂತ ಒತ್ತಿದವರು, ವರ್ಷದ ಪಾಲನ್ನ ಮೊದಲೇ ಕಟ್ಟಿದವರು, ಏನೂ ಕೇಳದೆ ಕಾದವರು, ನಿಮಗೂ.

ಮಡಿಕೇರಿ ದಸರಾ, ತಲಕಾವೇರಿ ತೀರ್ಥೋದ್ಭವ ಎರಡೂ ಮುಗಿಯೋವರೆಗೆ ಹಳೆ ಸರ್ವರನ್ನ ಆನ್ ಇಟ್ಟಿರುತ್ತೇವೆ, ಹೋಂಸ್ಟೇಯವರಿಗೆ ಬುಕಿಂಗ್ ಸಮಯ. ಆಮೇಲೆ ಡಿಸ್ಕ್ ಅಳಿಸುತ್ತೇವೆ. ಅಷ್ಟರೊಳಗೆ ನಿಮ್ಮ ಸೈಟಿನ ಹಳೆ ಫೋಟೋ ಪುಟಗಳನ್ನ ಒಮ್ಮೆ ತೆರೆದು ನೋಡಿ. ಏನಾದರೂ ಕಾಣೆಯಾಗಿದ್ದರೆ ಮೇಷ್ಟ್ರ ಥರ ಬರೆದು ಕಳಿಸಿ.