ಬಂಪರ್ ನೆಟ್ಟಗಾದರೆ ಕಾರು ನೆಟ್ಟಗಾದಂತಲ್ಲ

ಮಾನ್ಯ ಸಂಪಾದಕರೇ,

ಮುಂದಿನ ವಾಹನಕ್ಕೋ ಕಾಂಪೌಂಡ್ ಗೋಡೆಗೋ ಗುದ್ದಿದ ಕಾರನ್ನು ವಿಡಿಯೊ ನೋಡಿಕೊಂಡು ಮನೆಯಂಗಳದಲ್ಲೇ ಸರಿಮಾಡಿಕೊಳ್ಳುವವರು ಈಗ ಊರೂರಲ್ಲೂ ಸಿಗುತ್ತಾರೆ. ಅದು ತಪ್ಪಲ್ಲ. ಸ್ಪ್ಯಾನರ್ ಸೆಟ್ಟು, ತಾಳ್ಮೆ, ಜೊತೆಗೊಬ್ಬರು ಇದ್ದರೆ ಬಂಪರ್, ಹೆಡ್‌ಲೈಟ್, ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು), ಬಾನೆಟ್ ಬದಲಿಸಬಹುದು. ಹೆಚ್ಚಿನ ಕಾರುಗಳಲ್ಲಿ ಇವೆಲ್ಲ ಬೋಲ್ಟ್ ಮತ್ತು ಕ್ಲಿಪ್ಪಿನ ಮೇಲೆ ಕೂತ ಭಾಗಗಳು. ನನ್ನ ತಕರಾರು ವಿಡಿಯೊಗಳು ತೋರಿಸದೆ ಬಿಡುವುದರ ಬಗ್ಗೆ. ಬಂಪರಿನ ಹೊರಹೊದಿಕೆ ಪ್ಲಾಸ್ಟಿಕ್ಕಿನದು. ಗುದ್ದಿದಾಗ ಒಳಗೆ ಹೋಗಿ, ಮತ್ತೆ ಈಚೆ ಬಂದು ಏನೂ ಆಗದಂತೆ ನಿಲ್ಲುತ್ತದೆ. ಅದರ ಹಿಂದಿನ ಕಬ್ಬಿಣ ಹಾಗೆ ವಾಪಸ್ ಬರುವುದಿಲ್ಲ.

ಮೊದಲು ವಿಮೆಯ ಲೆಕ್ಕ. ಎಂಜಿನ್ 1500 ಸಿಸಿ ಒಳಗಿದ್ದರೆ ಪ್ರತಿ ಕ್ಲೇಮಿನಲ್ಲೂ ಕಡ್ಡಾಯವಾಗಿ 1000 ರೂಪಾಯಿ, ಅದಕ್ಕೂ ಮೇಲಿದ್ದರೆ 2000 ರೂಪಾಯಿ ನಮ್ಮ ಕೈಯಿಂದ ಹೋಗುತ್ತದೆ. ಝೀರೋ ಡೆಪ್ (ಸವಕಳಿ ಕಡಿತವಿಲ್ಲದ ವಿಮೆ) ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗದ ಬೆಲೆಯಲ್ಲಿ ಅರ್ಧ ಕಡಿತ. ಕ್ಲೇಮ್ ಮಾಡದೆ ವರ್ಷಗಟ್ಟಲೆ ಕೂಡಿಬಂದ ಪ್ರೀಮಿಯಂ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್ಸೂ ಹೋಗುತ್ತದೆ. ಹಾಗಾಗಿ ಬಂಪರ್ ಒಂದೇ ಒಡೆದಿದ್ದರೆ ಸ್ವಂತ ಖರ್ಚೇ ಲಾಭ. ಆದರೂ ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆದಿಡಿ. ಒಳಗಿನ ಕಬ್ಬಿಣ ಬಾಗಿದ್ದು ಕಂಡರೆ ಅಲ್ಲಿಗೇ ನಿಲ್ಲಿಸಿ ವಿಮಾ ಕಂಪನಿಗೆ ತಿಳಿಸಿ. ಸರ್ವೇಯರ್ ನೋಡುವ ಮೊದಲೇ ಭಾಗ ಬದಲಿಸಿದರೆ ಕ್ಲೇಮ್ ಕಷ್ಟ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ. ರೇಡಿಯೇಟರ್ ಫ್ಯಾನ್ ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ತಾನಾಗಿ ತಿರುಗುತ್ತದೆ, ಬೆರಳು ಹೋಗುತ್ತದೆ. 2019ರ ಜುಲೈನಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಅನೇಕ ಮಾದರಿಗಳಲ್ಲಿ ಅದರ ಸೆನ್ಸರ್ ಇರುವುದು ರೇಡಿಯೇಟರಿನ ಮುಂದಿನ ಪಟ್ಟಿಯ ಮೇಲೆಯೇ. ತಂತಿ ತೆಗೆದು ಹತ್ತು ನಿಮಿಷ ಕಾಯಿರಿ, ಏರ್‌ಬ್ಯಾಗ್ ಯೂನಿಟ್ಟಿನಲ್ಲಿ ಉಳಿದ ಕರೆಂಟ್ ಇಳಿಯಲಿ. ಏರ್‌ಬ್ಯಾಗ್ ವೈರಿನ ಹಳದಿ ಕನೆಕ್ಟರಿಗೆ ಮಲ್ಟಿಮೀಟರ್ ಹಚ್ಚಬೇಡಿ. ಏರ್‌ಬ್ಯಾಗ್ ಈಗಾಗಲೇ ಬಿಚ್ಚಿಕೊಂಡಿದ್ದರೆ ಅದು ಮನೆಯ ಕೆಲಸವಲ್ಲ.

ಬಂಪರ್ ಬಿಚ್ಚುವಾಗ ಮೇಲಿನ ಕ್ಲಿಪ್ಪು, ಕೆಳಗಿನ ಬೋಲ್ಟು ಎಲ್ಲರಿಗೂ ಕಾಣುತ್ತವೆ. ಚಕ್ರದ ಕಮಾನಿನೊಳಗೆ ಎರಡೂ ಬದಿ ಇರುವ ಸ್ಕ್ರೂ ಮರೆತು ಎಳೆದು ಮೂಲೆಯ ಲಾಕ್ ಮುರಿದುಕೊಳ್ಳುತ್ತಾರೆ. ಫಾಗ್ ಲ್ಯಾಂಪಿನ ವೈರ್ ಬಿಡಿಸಿ, ಫೆಂಡರಿನ ಅಂಚಿನಿಂದ ಹೊರಮುಖವಾಗಿ ಎಳೆಯಿರಿ.

ಹೊಸ ಭಾಗ ಆರ್ಡರ್ ಮಾಡುವುದಕ್ಕಿಂತ ಮೊದಲು ಅಳತೆ ಆಗಬೇಕು. ಎಡ ಮತ್ತು ಬಲ ಚಾಸಿ ಕಾಲುಗಳ (ಎಂಜಿನ್ನಿನ ಎರಡೂ ಬದಿ ಮುಂದಕ್ಕೆ ಚಾಚಿದ ಕಬ್ಬಿಣದ ತೊಲೆಗಳ) ಮೇಲೆ ಕಂಪನಿಯವರೇ ಬಿಟ್ಟ ರಂಧ್ರಗಳಿರುತ್ತವೆ. ಎಡ ಮುಂದಿನದರಿಂದ ಬಲ ಹಿಂದಿನದಕ್ಕೆ, ಬಲ ಮುಂದಿನದರಿಂದ ಎಡ ಹಿಂದಿನದಕ್ಕೆ ಅಳೆಯಿರಿ. ಟೇಪ್ ಹಿಡಿಯಲು ಎಂಜಿನ್ ಅಡ್ಡ ಬಂದರೆ, ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಕಾರು ನಿಲ್ಲಿಸಿ, ರಂಧ್ರಗಳಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಅಳೆಯಬಹುದು. ಎರಡು ಓರೆ ಅಳತೆಗಳ ನಡುವೆ 3 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸ್ಪ್ಯಾನರ್ ಕೆಳಗಿಡಿ. ಸ್ಟೀರಿಂಗ್ ನೇರವಿಟ್ಟು ಮುಂದಿನ ಮತ್ತು ಹಿಂದಿನ ಚಕ್ರದ ನಡುಬಿಂದುಗಳ ಅಂತರವನ್ನೂ ಎರಡೂ ಬದಿ ಹೋಲಿಸಿ. ಮುಂಬಾಗಿಲು ಮತ್ತು ಫೆಂಡರ್ ನಡುವಿನ ಸಂದು ಮೇಲೆ ಅಗಲ, ಕೆಳಗೆ ಕಿರಿದಾಗಿದ್ದರೆ, ಸಸ್ಪೆನ್ಷನ್ ಟವರಿನ (ಬಾನೆಟ್ ಕೆಳಗೆ ಶಾಕ್ ಅಬ್ಸಾರ್ಬರಿನ ಮೇಲ್ತುದಿ ಕೂರುವ ಜಾಗ) ಹತ್ತಿರ ಪೇಂಟ್ ಸುಕ್ಕುಗಟ್ಟಿದ್ದರೆ, ಜೋಡಣೆಯ ಸೀಲೆಂಟ್ ಬಿರುಕು ಬಿಟ್ಟಿದ್ದರೆ ಪೆಟ್ಟು ಹಿಂದಕ್ಕೆ ಸಾಗಿದೆ ಎಂದೇ ಅರ್ಥ. ಅದಕ್ಕೆ ಫ್ರೇಮ್ ಬೆಂಚ್ (ಕಾರನ್ನು ಬಿಗಿದು ಅಳೆಯುತ್ತ ಎಳೆಯುವ ಯಂತ್ರ) ಇರುವ ಗ್ಯಾರೇಜೇ ಬೇಕು.

ಇಲ್ಲೇ ಅತಿ ಕೆಟ್ಟ ಕೆಲಸ ನಡೆಯುವುದು. ಬಾಗಿದ ಪಟ್ಟಿಗೆ ಸರಪಳಿ ಕಟ್ಟಿ, ಇನ್ನೊಂದು ತುದಿ ಮರಕ್ಕೆ ಬಿಗಿದು ಕಾರನ್ನು ರಿವರ್ಸ್ ಎಳೆಯುತ್ತಾರೆ. ಗುದ್ದಿದ ಬಲ ಯಾವ ದಿಕ್ಕಿನಿಂದ ಬಂತೋ ಅದರ ಎದುರು ದಿಕ್ಕಿಗೆ, ಸ್ವಲ್ಪಸ್ವಲ್ಪವೇ ಎಳೆದು ಅಳೆಯುತ್ತ ಹೋಗಬೇಕಾದ್ದನ್ನು ಒಂದೇ ಜಗ್ಗಿಗೆ ಎಳೆದರೆ ಬಾಗಿದ್ದ ಜಾಗ ಬಾಗಿಯೇ ಉಳಿದು, ಚೆನ್ನಾಗಿದ್ದ ಜಾಗ ಬಾಗುತ್ತದೆ. ಸರಪಳಿ ತುಂಡಾದರೆ ಹತ್ತಿರ ನಿಂತವರ ಜೀವಕ್ಕೇ ಅಪಾಯ. ಗ್ಯಾಸ್ ಕಟ್ಟರಿನಿಂದ ಕೆಂಪಗೆ ಕಾಯಿಸಿ ಬಡಿಯುವುದು ಇನ್ನೂ ಕೆಟ್ಟದ್ದು. ಈಗಿನ ಕಾರುಗಳ ಮುಂಭಾಗದಲ್ಲಿ ಹೆಚ್ಚು ಬಲದ ಉಕ್ಕು ಬಳಸಿರುತ್ತಾರೆ. ಕಾಯಿಸಿದರೆ ಅದರ ಬಲ ಹೋಗುತ್ತದೆ, ನೋಟಕ್ಕೆ ಗೊತ್ತಾಗುವುದಿಲ್ಲ. ಬಂಪರ್ ಹೊದಿಕೆಯೊಳಗಿನ ಅಡ್ಡಪಟ್ಟಿಯ, ಅಂದರೆ ಬೀಮಿನ ಹಿಂದೆ ಹಾರ್ಮೋನಿಯಂ ತಿದಿಯಂತೆ ಮಡಚಿಕೊಳ್ಳುವ ಡಬ್ಬಿಯಾಕಾರದ ತುಂಡುಗಳಿರುತ್ತವೆ. ಒಮ್ಮೆ ಮಡಚಿದ್ದನ್ನು ಬಡಿದು ನೆಟ್ಟಗೆ ಮಾಡಿದರೆ ಮುಂದಿನ ಸಲ ಅದು ಲೆಕ್ಕದಂತೆ ಮಡಚುವುದಿಲ್ಲ, ಏರ್‌ಬ್ಯಾಗ್ ತೆರೆಯುವ ಸಮಯವೂ ತಪ್ಪಬಹುದು. ಬೋಲ್ಟಿನ ಮೇಲಿದ್ದರೆ ಹೊಸದು ಹಾಕಿ. ವೆಲ್ಡ್ ಆಗಿದ್ದರೆ ವರ್ಕ್‌ಶಾಪಿಗೆ ಬಿಡಿ.

ಎಸಿ ಗ್ಯಾಸನ್ನು ತಣ್ಣಗಾಗಿಸುವ ಜಾಲರಿ, ಅಂದರೆ ಕಂಡೆನ್ಸರ್, ರೇಡಿಯೇಟರಿಗಿಂತ ಮುಂದಿರುವುದರಿಂದ ಮೊದಲ ಪೆಟ್ಟು ಅದಕ್ಕೆ. ಎಣ್ಣೆಯ ಜಿಡ್ಡು ಕಂಡರೆ ಗ್ಯಾಸ್ ಸೋರಿದೆ. ಪೈಪ್ ನೀವೇ ಬಿಚ್ಚಬೇಡಿ. ಹೊರಬರುವ ಗ್ಯಾಸ್ ಚರ್ಮ, ಕಣ್ಣನ್ನು ಹೆಪ್ಪುಗಟ್ಟಿಸುತ್ತದೆ, ಬೆಂಕಿ ತಾಗಿದರೆ ವಿಷವಾಗುತ್ತದೆ. ಒಡೆದ ಪೈಪಿನ ಬಾಯಿಗೆ ಕೂಡಲೇ ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿ, ಇಲ್ಲವಾದರೆ ಒಳಗಿನ ಎಣ್ಣೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸ ಕಂಡೆನ್ಸರ್ ಹಾಕಿದ ಮೇಲೆ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಮಾಡದೆ (ಒಳಗಿನ ಗಾಳಿ, ತೇವ ಪಂಪಿನಿಂದ ಹೊರಗೆಳೆಯದೆ) ಗ್ಯಾಸ್ ತುಂಬುವವರಿಗೆ ಕೆಲಸ ಕೊಡಬೇಡಿ.

ರೇಡಿಯೇಟರಿನಲ್ಲಿ ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ ಟ್ಯಾಂಕ್ ಸೇರುವ ಅಂಚನ್ನು ಟಾರ್ಚ್ ಹಿಡಿದು ನೋಡಿ. ಕೂದಲೆಳೆಯ ಬಿರುಕು ಬಿಸಿಯಾದಾಗ ಮಾತ್ರ ಸೋರುತ್ತದೆ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ, ಬೋರ್‌ವೆಲ್ ನೀರು ಬೇಡವೇ ಬೇಡ. ತುಂಬುವಾಗ ಹೀಟರನ್ನು ಪೂರ್ತಿ ಬಿಸಿಗಿಟ್ಟು, ತಣ್ಣಗಿರುವಾಗಲೇ ಮುಚ್ಚಳ ತೆಗೆದು ಎಂಜಿನ್ ಓಡಿಸಿ, ಗುಳ್ಳೆ ನಿಂತ ಮೇಲೆ ಮುಚ್ಚಿ. ಒಳಗೆ ಗಾಳಿ ಉಳಿದರೆ ಟೆಂಪರೇಚರ್ ಸೆನ್ಸರ್ ನೀರಿನ ಬದಲು ಗಾಳಿಯನ್ನು ಅಳೆಯುತ್ತದೆ. ಟೆಂಪರೇಚರ್ ಮುಳ್ಳು ಏರದೆಯೇ ಎಂಜಿನ್ನಿನ ಎರಡು ಭಾಗಗಳ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಚೆಲ್ಲಿದ ಕೂಲಂಟನ್ನು ಹಾಗೇ ಬಿಡಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ.

ಬಾನೆಟ್ ವಿಷಯದಲ್ಲಿ ಜನ ಸಂದು ನೋಡುತ್ತಾರೆ, ಲಾಕ್ ನೋಡುವುದಿಲ್ಲ. ಬಿಚ್ಚುವ ಮೊದಲು ಹಿಂಜ್ ಸುತ್ತ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಒಳಚೌಕಟ್ಟು ಮಡಚಿದ್ದರೆ ಬಡಿಯುವುದಕ್ಕಿಂತ ಅದೇ ಬಣ್ಣದ ಹಳೆಯದನ್ನು ಗುಜರಿಯಲ್ಲಿ ಹುಡುಕುವುದು ವಾಸಿ. ಬೆಂಗಳೂರಿನವರಿಗೆ ಶಿವಾಜಿನಗರ ಗೊತ್ತೇ ಇದೆ. ಕೂರಿಸಿದ ಮೇಲೆ ಒಂದಡಿ ಎತ್ತರದಿಂದ ಬಿಡಿ, ಪೂರ್ತಿ ಲಾಕ್ ಆಗಬೇಕು. ಒಳಗಿನ ಲಿವರ್ ಎಳೆದಾಗ ಬಾನೆಟ್ ಸ್ವಲ್ಪವೇ ಎದ್ದು ಎರಡನೇ ಕೊಕ್ಕೆಯಲ್ಲಿ ಸಿಕ್ಕಿಕೊಳ್ಳಬೇಕು. ಕೊಕ್ಕೆ ಹಿಡಿಯದಿದ್ದರೆ ಆ ಕಾರು ರಸ್ತೆಗಿಳಿಯಬಾರದು: ಹೆದ್ದಾರಿಯ ವೇಗದಲ್ಲಿ ಬಾನೆಟ್ ಎದ್ದು ಗಾಜಿಗೆ ಬಡಿದರೆ ಚಾಲಕನಿಗೆ ಮುಂದೆ ಏನೂ ಕಾಣುವುದಿಲ್ಲ. ಹೆಡ್‌ಲೈಟನ್ನು ಗೋಡೆಯಿಂದ 5 ಮೀಟರ್ ದೂರದಲ್ಲಿ ಪರೀಕ್ಷಿಸಿ. ಡಿಮ್ ಬೆಳಕಿನ ಮೇಲಂಚು ದೀಪದ ನಡುವಿಗಿಂತ ಸುಮಾರು 5 ಸೆಂಟಿಮೀಟರ್ ಕೆಳಗಿರಲಿ.

ಟಿಂಕರಿಂಗ್ ಮುಗಿದ ಮೇಲಿನ ಪುಟ್ಟಿ 2–3 ಮಿಲಿಮೀಟರ್ ದಪ್ಪ ಮೀರಬಾರದು. 100 ಗ್ರಾಂ ಪುಟ್ಟಿಗೆ ಹಾರ್ಡನರ್ (ಗಟ್ಟಿಯಾಗಿಸುವ ರಾಸಾಯನಿಕ) ಸುಮಾರು 2 ಗ್ರಾಂ. ಬೇಗ ಗಟ್ಟಿಯಾಗಲೆಂದು ಹೆಚ್ಚು ಹಾಕಿದರೆ ಪೇಂಟಿನ ಮೇಲೆ ಕಲೆ ಏಳುತ್ತದೆ. ಹಾರ್ಡನರ್ ಬೆರೆಸುವ ಕ್ಲಿಯರ್ ಕೋಟನ್ನು (ಬಣ್ಣದ ಮೇಲಿನ ಪಾರದರ್ಶಕ ಹೊಳಪಿನ ಪದರ) ಮನೆಯಲ್ಲಿ ಸ್ಪ್ರೇ ಮಾಡಲೇಬೇಡಿ. ಅದರಲ್ಲಿರುವ ಐಸೋಸಯನೇಟ್ ಶ್ವಾಸಕೋಶಕ್ಕೆ ಹೋದರೆ ಜೀವನಪೂರ್ತಿ ಅಸ್ತಮಾ ಅಂಟಿಕೊಳ್ಳಬಹುದು. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ.

ಇನ್ನೊಮ್ಮೆ ಗುದ್ದಿದರೆ ಇರಲಿ ಎಂದು ಬಂಪರಿನ ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವವರಿದ್ದಾರೆ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಇವುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಸೂಚಿಸಿದೆ. ಗಾರ್ಡ್ ಪೆಟ್ಟನ್ನು ನೇರ ಚಾಸಿಗೆ ದಾಟಿಸುತ್ತದೆ, ಪಾದಚಾರಿಗೆ ತಾಗಿದರೆ ಮೂಳೆ ಉಳಿಯುವುದಿಲ್ಲ.

ಕಾರು ಕಂಪನಿಗಳಿಗೆ ನನ್ನದೊಂದು ಒತ್ತಾಯವಿದೆ. ಪ್ರತಿ ಮಾದರಿಯ ಚಾಸಿ ಅಳತೆಯ ನಕ್ಷೆ ಮತ್ತು ಯಾವ ಭಾಗ ಕಾಯಿಸಬಾರದು ಎಂಬ ವಿವರ ಸಣ್ಣ ಊರಿನ ಟಿಂಕರ್‌ಗಳಿಗೂ ಕನ್ನಡದಲ್ಲಿ, ಉಚಿತವಾಗಿ ಸಿಗುವಂತೆ ಮಾಡಬೇಕು. ಸಾರಿಗೆ ಇಲಾಖೆ ಇದನ್ನು ಕಂಪನಿಗಳ ಮುಂದಿಡಬೇಕು.

ಇಂತಿ,
ಒಬ್ಬ ಕಾರ್ ಬಾಡಿ ಮೆಕ್ಯಾನಿಕ್, ಶಿವಮೊಗ್ಗ